ತಮ್ಮ ತುಂಬಿಟ್ಟ ಶಾಯಿ

ಆ ದಿನ ಬೆಳಿಗ್ಗೆ ನನ್ನ ತಮ್ಮ ಅಂಗಡಿಗೆ ಬಂದವನು ಎಂದಿನಂತೆ ಮೊದಲು ಪೆನ್ನುಗಳ ತಟ್ಟೆಯನ್ನು ಎಳೆದುಕೊಂಡ. ಕೊಪ್ಪಳದಲ್ಲಿ ಗಡಿಯಾರ ಕಂಬದಿಂದ ಸ್ವಲ್ಪ ಒಳಗೆ, ಒಂದು ಓಣಿಯಲ್ಲಿ ನಮ್ಮ ಅಂಗಡಿ. ಮೇಲೆ ತಗಡು, ಒಳಗೆ ಒಂದು ಉದ್ದನೆಯ ಮೇಜು. ಸನ್ಮಾನ ಪತ್ರ, ಅಭಿನಂದನಾ ಪತ್ರಗಳನ್ನು ಕೈಯಿಂದ ಬರೆದುಕೊಡುವುದು ನಮ್ಮ ಕೆಲಸ. ಕಂಪ್ಯೂಟರ್ ಬಂದ ಮೇಲೆ ಇಂಥ ಕೆಲಸ ಕಡಿಮೆಯಾಗಿದೆ, ಆದರೆ ಪೂರ್ತಿ ನಿಂತಿಲ್ಲ. ಹಿರಿಯರಿಗೆ ಕೊಡುವ ಪತ್ರ ಕೈಬರಹದಲ್ಲೇ ಇರಲಿ ಎನ್ನುವವರು ಇನ್ನೂ ಇದ್ದಾರೆ.

ಬರೆಯುವವನು ನಾನು. ಪೆನ್ನು ಮತ್ತು ಶಾಯಿ ಅವನ ಪಾಲು. ಅವನು ಹಳೆಯ ಶಾಯಿ ಪೆನ್ನುಗಳನ್ನು ಹುಡುಕಿ ತರುತ್ತಿದ್ದ. ಗಂಗಾವತಿಯ ಅಕ್ಕಿ ಗಿರಣಿಗಳ ಹಳೆಯ ಗುಮಾಸ್ತರ ಮನೆ, ಕುಕನೂರಿನ ಅಂಗಡಿಗಳ ಅಟ್ಟ, ಸಂತೆಯಲ್ಲಿ ಹಳೆಯ ಸಾಮಾನು ಹರಡಿಕೊಂಡು ಕೂರುವವರು, ಎಲ್ಲಿ ಸುಳಿವು ಸಿಕ್ಕರೂ ಹೋಗುತ್ತಿದ್ದ. ಒಮ್ಮೆ ಮರಳಿ ಎಂಬ ಊರಿನಿಂದ ಒಂದು ಪೆನ್ನು ತಂದ. ಆ ಮನೆಯವರು ಅದನ್ನು ದೇವರ ಜಗುಲಿಯ ಮೇಲೆ ಇಟ್ಟು ವರ್ಷವರ್ಷವೂ ಆಯುಧ ಪೂಜೆಗೆ ಕುಂಕುಮ ಹಚ್ಚಿದ್ದರು. ನಿಬ್ಬಿನ ಕೆಳಗೆ ಶಾಯಿಯನ್ನು ಹರಿಸುವ ಕಪ್ಪು ನಾಲಗೆ ಇರುತ್ತದಲ್ಲ, ಅದರ ಸೀಳಿನಲ್ಲಿ ಕುಂಕುಮ ಕಲ್ಲಿನಂತೆ ಕೂತಿತ್ತು. "ಪೂಜಾ ಮಾಡಿ ಮಾಡಿ ಉಸರ ಕಟ್ಟಿಸ್ಯಾರ ಪಾಪ ಇದಕ್ಕ" ಎನ್ನುತ್ತಾ ಅವನು ಅದನ್ನು ದಿನಗಟ್ಟಲೆ ನೆನೆಸಿ ಬಿಡಿಸಿದ್ದ.

ಪೆನ್ನು ಸಿಕ್ಕರೆ ಅರ್ಧ ಕೆಲಸ ಎನ್ನುತ್ತಿದ್ದ. ಉಳಿದರ್ಧ ಅದಕ್ಕೆ ಹೊಂದುವ ಶಾಯಿ ಹುಡುಕುವುದು. ಅಂಗಡಿಯಲ್ಲಿ ಸಿಗುವ ಶಾಯಿಗಳನ್ನು ತಂದು, ಒಂದಕ್ಕೊಂದು ಬೆರೆಸಿ, ಕೆಮ್ಮಿನ ಔಷಧದ ಖಾಲಿ ಸೀಸೆಗಳಲ್ಲಿ ತುಂಬಿಡುತ್ತಿದ್ದ. ಸೀಸೆಗಳ ಮೇಲೆ ಏನೂ ಬರೆಯುತ್ತಿರಲಿಲ್ಲ. ಅಲುಗಾಡಿಸಿ, ಬೆಳಕಿಗೆ ಹಿಡಿದು ನೋಡಿದರೆ ಅವನಿಗೆ ತಿಳಿಯುತ್ತಿತ್ತು. ನನಗೆ ತಿಳಿಯಬೇಕಾದ ಪ್ರಸಂಗವೇ ಬರಲಿಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು ಕುಷ್ಟಗಿಯ ಕೆಲಸ. ಅಲ್ಲಿಯ ಒಂದು ಶಾಲೆಯಲ್ಲಿ ಹಿಂದೆ ಒಟ್ಟಿಗೆ ಓದಿದವರು ಸೇರಿ ತಮ್ಮ ಮೇಷ್ಟ್ರುಗಳಿಗೆ ಗುರುವಂದನೆ ಇಟ್ಟುಕೊಂಡಿದ್ದರು. ಅವರ ಪರವಾಗಿ ಓಡಾಡುತ್ತಿದ್ದವರು ಬೀಜದ ಅಂಗಡಿಯ ಮಾಲೀಕರು. ಅಂಚಿಗೆ ಬಣ್ಣದ ಬಳ್ಳಿ ಅಚ್ಚಾಗಿದ್ದ ದಪ್ಪನೆಯ ಕೈಕಾಗದವನ್ನು ಅವರೇ ಎಲ್ಲಿಂದಲೋ ತರಿಸಿ ಕೊಟ್ಟಿದ್ದರು. ಹೆಚ್ಚಿಗೆ ಇದ್ದದ್ದು ಕೆಲವೇ ಹಾಳೆ. "ಎಲ್ಲಾ ಮಾಸ್ತರಿಗೂ ಒಂದ ಕೈ, ಒಂದ ಮಸಿ ಇರ್ಬೇಕು. ಒಬ್ರದು ಛಲೋ, ಒಬ್ರದು ಕಡಿಮಿ ಅನ್ನಿಸಬಾರ್ದು" ಎಂದು ಅವರು ಹೇಳಿದಾಗ ನನ್ನ ತಮ್ಮನೇ ಒಪ್ಪಿಕೊಂಡ. ಮಾತು ಕೊಟ್ಟವನು ಅವನು.

ಆ ಕಾಗದ ಶಾಯಿಯನ್ನು ಬೇಗ ಕುಡಿಯುತ್ತಿತ್ತು. ಅವನು ಒಂದು ಹಾಳೆಯ ಮೂಲೆ ಹರಿದು, ಪೆನ್ನು ಬದಲಿಸಿ, ಶಾಯಿ ಬದಲಿಸಿ, ಗೆರೆ ಎಳೆದು, ಹಾಳೆ ತಿರುಗಿಸಿ ಹಿಂಬದಿಗೆ ಇಳಿದಿದೆಯೇ ಎಂದು ನೋಡಿದ. ಕೊನೆಗೆ ಓರೆಯಾಗಿ ಕತ್ತರಿಸಿದ ನಿಬ್ಬಿನ ಕರಿಯ ಎಬೊನೈಟ್, ಅಂದರೆ ಗಟ್ಟಿ ರಬ್ಬರಿನ ಪೆನ್ನನ್ನು ಆರಿಸಿದ. ಡ್ರಾಪರಿನಿಂದ ಅದರ ಒಡಲಿಗೆ ಒಂದು ಸೀಸೆಯ ಶಾಯಿ ತುಂಬಿದ. ಒಣಗಿದ ಮೇಲೆ ಅದರ ಬಣ್ಣ ನೇರಳೆ ಹಣ್ಣಿನ ಸಿಪ್ಪೆಯ ಹಾಗೆ ಕಂಡಿತು.

"ಈ ಪೆನ್ನು ಭಾಳ ಖರ್ಚಿನ ಮನಷ್ಯಾ ಅಣ್ಣಾ" ಎಂದ. "ತೆಳು ಮಸಿ ಕೊಟ್ರ ಸಂಜಿ ಅನ್ನೂದರಾಗ ಮನಿ ಖಾಲಿ ಮಾಡ್ತಾನ. ಗಟ್ಟಿ ಮಸಿ ಕೊಟ್ರ ಬಾಳ್ವಿ ಮಾಡ್ತಾನ."

"ನಿನ್ನಂಗ ಅನ್ನು" ಎಂದೆ.

"ನನಗ ಗಟ್ಟಿ ಹೆಂಡ್ತಿ ಸಿಕ್ಕಾಳ ಬಿಡು, ಅದಕ್ಕ ಬಾಳ್ವಿ ನಡದೈತಿ."

ನಾನು ಅರ್ಧದಷ್ಟು ಪತ್ರಗಳನ್ನು ಬರೆದೆ. ಅವನು ಒಂದೊಂದನ್ನೂ ತೆಗೆದು ಒಣಗಲು ಹರಡಿದ. ಸಂಜೆ ಎಡತೋಳು ತಿಕ್ಕಿಕೊಳ್ಳುತ್ತಾ, "ಗಾಡಿ ಹೊಡದು ತೋಳು ಹಿಡಕೊಂಡೈತಿ, ನಾ ಹೊಕ್ಕೀನಿ. ಪೆನ್ನು ಮತ್ತ ತುಂಬಿಟ್ಟೀನಿ, ಉಳಿದದ್ದು ನಾಳೆ ಬರಿ" ಎಂದು ಹೇಳಿ ಹೋದ.

ಬೆಳಗಾಗುವ ಹೊತ್ತಿಗೆ ಅವನ ಹೆಂಡತಿಯ ಫೋನು ಬಂತು. ಜಿಲ್ಲಾ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ದಿನಕರ್ಮ ಮುಗಿಯುವವರೆಗೆ ಸತ್ತವರ ಕೆಲಸದ ಸಾಮಾನನ್ನು ಯಾರೂ ಮುಟ್ಟುವುದಿಲ್ಲ. ಅಜ್ಜ ಸತ್ತಾಗ ಅವನ ಕತ್ತರಿ ಹಾಗೆಯೇ ಇತ್ತು, ಅಪ್ಪ ಸತ್ತಾಗ ಬಣ್ಣದ ಡಬ್ಬಿಗಳು ಇದ್ದವು. ಕತ್ತರಿಗೆ ಅದರಿಂದ ಏನೂ ಆಗುವುದಿಲ್ಲ. ಶಾಯಿ ತುಂಬಿದ ಪೆನ್ನಿಗೆ ಆಗುತ್ತದೆ. ಅದು ನನಗೆ ಗೊತ್ತಿದ್ದರೂ ಆ ದಿನಗಳಲ್ಲಿ ನೆನಪಾಗಲಿಲ್ಲ. ನೆನಪಾಗಿದ್ದರೂ ಹೋಗುತ್ತಿರಲಿಲ್ಲ. ಬೇಸಿಗೆ ಜೋರಾಗಿತ್ತು. ಅಂಗಡಿ ಬಾಗಿಲು ಮುಚ್ಚಿಯೇ ಇತ್ತು.

ದಿನಕರ್ಮ ಮುಗಿಸಿ ಬಾಗಿಲು ತೆಗೆದಾಗ ತಗಡಿನ ಕಾವು ಮುಖಕ್ಕೆ ಹೊಡೆಯಿತು. ತಟ್ಟೆಯಲ್ಲಿದ್ದ ಪೆನ್ನುಗಳ ಮುಚ್ಚಳ ತೆಗೆದು ನೋಡಿದೆ. ಎಲ್ಲ ನಿಬ್ಬುಗಳ ಮೇಲೂ ಶಾಯಿ ಒಣಗಿ ಹೊಳೆಯುವ ಹಕ್ಕಳೆ ಕಟ್ಟಿತ್ತು. ಕರಿಯ ಪೆನ್ನಿನದೂ ಹಾಗೆಯೇ. ಅದನ್ನು ಅಲುಗಾಡಿಸಿದರೆ, ತುಂಬಿಟ್ಟದ್ದು ಕಾವಿಗೆ ಆರಿ ಒಳಗೆ ಸ್ವಲ್ಪ ಶಾಯಿ ಮಾತ್ರ ಉಳಿದಿರುವುದು ತಿಳಿಯುತ್ತಿತ್ತು. ಮುಚ್ಚಳ ಹಾಕಿ ಪಕ್ಕಕ್ಕೆ ಇಟ್ಟೆ. ಅದು ಅವನು ಕೊನೆಯದಾಗಿ ತುಂಬಿದ್ದು.

ಬೇರೊಂದು ಪೆನ್ನಿನಿಂದ ಕೆಲಸ ಮುಗಿಸೋಣ ಎಂದುಕೊಂಡೆ. ಓರೆ ನಿಬ್ಬಿನದೇ ಇನ್ನೊಂದು ಪೆನ್ನು ಇತ್ತು. ಸೀಸೆಗಳಲ್ಲಿ ಕಪ್ಪುನೇರಳೆಯಾಗಿ ಕಾಣುವಂಥವೇ ಹಲವು. ಒಂದೊಂದರಲ್ಲೂ ಕಡ್ಡಿ ಅದ್ದಿ ಚೂರು ಕಾಗದದ ಮೇಲೆ ಎಳೆದು ನೋಡಿದೆ. ಒದ್ದೆ ಇರುವಾಗ ಎಲ್ಲವೂ ಒಂದೇ. ಒಣಗಿದ ಮೇಲೂ ನನ್ನ ಕಣ್ಣಿಗೆ ಒಂದೇ. ತುಂಬಿದ್ದ ಒಂದು ಸೀಸೆಯನ್ನು ಆರಿಸಿ, ಪೆನ್ನನ್ನು ನಳದ ನೀರಲ್ಲಿ ತೊಳೆದು, ಶಾಯಿ ತುಂಬಿ ಒಬ್ಬ ಮೇಷ್ಟ್ರ ಹೆಸರು ಬರೆದೆ. ಮೊದಲ ಅಕ್ಷರ ಸರಿಯಾಗಿ ಬಂತು. ಎರಡನೆಯದರ ಅಂಚಿನಿಂದ ಸಣ್ಣ ಬೇರುಗಳ ಹಾಗೆ ಶಾಯಿ ಹಬ್ಬಿತು. ಆಮೇಲೆ ಪೆನ್ನು ನಿಂತೇ ಹೋಯಿತು. ಒಂದು ಹಾಳೆ ಹೋಯಿತು.

ಪೆನ್ನು ಬಿಚ್ಚಿದರೆ ಒಳಗೆ ಶಾಯಿ ಒಡೆದ ಹಾಲಿನ ಹಾಗೆ ಕಣಕಣವಾಗಿತ್ತು. ಮತ್ತೆ ತೊಳೆದು ಒಣಗಲು ಇಟ್ಟೆ. ಒಣಗಿದ ಮೇಲೆ ನಾಲಗೆಯ ಸೀಳಿನ ಉದ್ದಕ್ಕೂ ಸುಣ್ಣ ಬಳಿದಂತೆ ಬಿಳಿ ಕೂತಿತ್ತು. ಏನಾಗುತ್ತಿದೆ ಎಂದು ತಿಳಿಯದೆ ಅದನ್ನೇ ನೋಡುತ್ತಾ ಕೂತಿದ್ದೆ. ಪಕ್ಕದ ಬ್ಯಾಟರಿ ಅಂಗಡಿಯ ಸಾಹೇಬರು ಚಹಾ ಹಿಡಿದುಕೊಂಡು ಬಂದರು. ದಿನಕ್ಕೊಮ್ಮೆ ಬಂದು ಸುಮ್ಮನೆ ಕೂತು ಹೋಗುವುದನ್ನು ಅವರು ಆಗ ರೂಢಿ ಮಾಡಿಕೊಂಡಿದ್ದರು.

"ಏನ್ ನೀರು ಹಾಕೀರಿ ಅಣ್ಣಾರ ಇದಕ್ಕ?" ಎಂದರು.

"ನಳದ್ದು."

"ನಳದಾಗ ಬರೂದು ಬೋರಿನ ನೀರಲ್ರಿ. ಅದನ್ನ ಕುಡದು ನಮ್ಮ ಹಲ್ಲ ಹಿಂಗಾಗ್ಯಾವ, ಪೆನ್ನಿನ ಗತಿ ಏನು?" ಎಂದು ತಮ್ಮ ಕಂದು ಹಲ್ಲು ತೋರಿಸಿದರು. "ನಿಮ್ಮ ತಮ್ಮ ನನ್ನ ಕಡೆ ಬ್ಯಾಟರಿ ನೀರು ಒಯ್ತಿದ್ದ. ಒಂದ ಸಲ ಕೇಳಿ ಒಯ್ಯೂದು, ಹತ್ತ ಸಲ ಕೇಳದ ಒಯ್ಯೂದು. ನಾ ಬೈತಿದ್ದೆ, ಅಂವ ನಗ್ತಿದ್ದ. ತಗೋರಿ, ನೀವೂ ಕೇಳಬ್ಯಾಡ್ರಿ."

ಅವರು ತಂದಿಟ್ಟ ಕ್ಯಾನಿನಲ್ಲಿದ್ದ ಬಟ್ಟಿ ಇಳಿಸಿದ ನೀರಿನಲ್ಲಿ ಸ್ವಲ್ಪ ವಿನೆಗರ್ ಹಾಕಿ ನಾಲಗೆಯನ್ನು ನೆನೆಸಿಟ್ಟೆ. ನಿಬ್ಬು ತೆಗೆದು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಉಜ್ಜಿದೆ. ಆಮೇಲೆ ಬರೀ ಬ್ಯಾಟರಿ ನೀರಿನಲ್ಲಿ ಜಾಲಿಸಿದೆ. ಬಿಳಿ ಹೋಯಿತು. ತಟ್ಟೆಯ ಉಳಿದ ಪೆನ್ನುಗಳನ್ನೂ ಒಂದೊಂದಾಗಿ ಹಾಗೆಯೇ ತೊಳೆಯುತ್ತಾ ಹೋದೆ. ಬೇಸರದ ಕೆಲಸ. ಬಗ್ಗಿ ಬಗ್ಗಿ ಬೆನ್ನು ಸೋಲುತ್ತಿತ್ತು, ಬೆರಳುಗಳು ನೀಲಿಯಾಗುತ್ತಿದ್ದವು. ಮನೆಗೆ ಹೋದರೆ ಊಟ ಮಾಡಲೂ ಮನಸ್ಸಿರುತ್ತಿರಲಿಲ್ಲ. ಆದರೂ ಅಂಗಡಿಯೇ ವಾಸಿ ಎನ್ನಿಸುತ್ತಿತ್ತು. ಮನೆಯಲ್ಲಿ ಬಂದವರೆಲ್ಲ ಮಾತಾಡಿಸುತ್ತಿದ್ದರು.

ಕರಿಯ ಪೆನ್ನನ್ನು ಮಾತ್ರ ತೊಳೆಯಲಿಲ್ಲ.

ನೀರು ಸರಿಯಾಯಿತು, ಶಾಯಿ ಯಾವುದೆಂದು ಇನ್ನೂ ಗೊತ್ತಿರಲಿಲ್ಲ. ಎರಡು ಸೀಸೆಗಳನ್ನು ಪ್ರಯತ್ನಿಸಿದೆ. ಒಂದು ಹಬ್ಬಿತು. ಇನ್ನೊಂದು ಹಬ್ಬಲಿಲ್ಲ, ಆದರೆ ಮಾರನೆಯ ದಿನ ಮೊದಲಿನ ಪತ್ರಗಳ ಪಕ್ಕದಲ್ಲಿ ಹಿಡಿದರೆ ಬೂದು ಬಣ್ಣಕ್ಕೆ ತಿರುಗಿತ್ತು. ಹೆಚ್ಚಿಗೆ ಇದ್ದ ಹಾಳೆಗಳು ಕಡಿಮೆಯಾಗುತ್ತಿದ್ದವು. ಕೊನೆಗೆ ಬೇರೆ ದಾರಿ ಕಾಣದೆ ಕರಿಯ ಪೆನ್ನನ್ನೇ ಕೈಗೆ ತೆಗೆದುಕೊಂಡೆ. ನಿಬ್ಬಿನ ತುದಿಗೆ ಒಂದು ಹನಿ ನೀರು ಮುಟ್ಟಿಸಿ, ಹಕ್ಕಳೆ ಕರಗುವವರೆಗೆ ಕಾದು, ಚೂರು ಕಾಗದದ ಮೇಲೆ ಎಳೆದೆ. ಬರೆಯಿತು. ಅದೇ ಬಣ್ಣ, ಅದೇ ಗೆರೆ. ಒಂದು ಪತ್ರ ಬರೆದೆ, ಇನ್ನೊಂದು ಬರೆದೆ. ಅವನು ಹೇಳಿ ಹೋದ ಹಾಗೆ ಅವನು ತುಂಬಿಟ್ಟದ್ದರಿಂದಲೇ ಬರೆಯುತ್ತಿದ್ದೇನೆ ಎಂದು ಸಮಾಧಾನವೂ ಆಯಿತು.

ಮೂರನೆಯದರಲ್ಲಿ ಮೇಷ್ಟ್ರ ಹೆಸರಿನ ಮೇಲೆ ದೊಡ್ಡ ಹನಿ ಬಿತ್ತು.

ಡ್ರಾಪರ್ ಪೆನ್ನುಗಳ ಗುಣವೇ ಅದು. ಒಡಲಲ್ಲಿ ಶಾಯಿ ಕಡಿಮೆಯಾಗಿ ಗಾಳಿ ಹೆಚ್ಚಾದರೆ, ಕೈಯ ಕಾವಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ನೂಕುತ್ತದೆ. ಅವನು ಎಂದೂ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುತ್ತಿರಲಿಲ್ಲ. ಪೆನ್ನು ನನ್ನ ಕೈಗೆ ಬರುವಾಗ ಯಾವಾಗಲೂ ತುಂಬಿರುತ್ತಿತ್ತು. ಹಾಳಾದ ಹಾಳೆಯನ್ನು ತೆಗೆದಿಟ್ಟು ಮುಚ್ಚಳ ಹಾಕಿದೆ. ಒಳಗೆ ಕೆಲವು ಹನಿಗಳಷ್ಟೇ ಉಳಿದಿದ್ದವು. ಅವುಗಳಿಂದ ಬರೆಯಲು ಆಗುವುದಿಲ್ಲ, ಅವುಗಳ ಮೇಲೆ ಬೇರೆ ಶಾಯಿ ಹಾಕಲು ಮನಸ್ಸಿಲ್ಲ, ಚೆಲ್ಲಲು ಆಗುವುದೇ ಇಲ್ಲ. ಹಾಗೆಯೇ ಇಟ್ಟೆ.

ಬೀಜದ ಅಂಗಡಿಯವರು ಕುಷ್ಟಗಿಯಿಂದ ಬಂದರು. ಮನೆಗೆ ಮಾತಾಡಿಸಲು ಬಂದಾಗ ಪತ್ರಗಳ ಸುದ್ದಿಯನ್ನೇ ಎತ್ತಿರಲಿಲ್ಲ. ಈಗ ಎತ್ತಲೇಬೇಕಿತ್ತು. ಮೇಜಿನ ಮೇಲಿದ್ದ ಹಾಳಾದ ಹಾಳೆಗಳನ್ನು ನೋಡಿ, ನೋಡದವರ ಹಾಗೆ ಕುರ್ಚಿ ಎಳೆದು ಕೂತರು.

"ತಪ್ಪ ತಿಳ್ಕೋಬ್ಯಾಡ್ರಿ" ಎಂದರು. "ನಮ್ಮ ಮಾಸ್ತರ್ರು ಭಾಳ ವಯಸ್ಸಾದವರು. ಇಟ್ಟ ದಿನಾ ಮುಂದಕ ಹಾಕಾಕ ಬರೂದಿಲ್ಲ. ನಿಮಗ ಕಷ್ಟ ಆಗ್ತಿದ್ರ ಎಲ್ಲಾನೂ ಪ್ರಿಂಟ್ ಹೊಡಸ್ತೀನಿ."

"ಬರದಿದ್ದು ಏನ್ ಮಾಡ್ತೀರಿ?" ಎಂದು ಕೇಳಿದೆ.

"ಏನ್ ಮಾಡೂದ್ರಿ ಮತ್ತ. ಅರ್ಧ ಮಂದಿಗೆ ಅದು, ಅರ್ಧ ಮಂದಿಗೆ ಇದು ಕೊಡಾಕ ಬರೂದಿಲ್ಲ. ಮೊದಲ ನಾವು ಸಾಲ್ಯಾಗ ಜಗಳಾಡಿದವರು, ಇನ್ನ ಮಾಸ್ತರ ಮಾಸ್ತರ ನಡಕ ಜಗಳ ಹಚ್ಚೂದ್ಯಾಕ?"

ತಮ್ಮ ಮಾತಿಗೆ ತಾವೇ ನಕ್ಕರು. ನಾನು ಇನ್ನೆರಡು ದಿನದ ವಾಯಿದೆ ಕೇಳಿಕೊಂಡೆ. ಅವರು ಹೋದ ಮೇಲೆ ಬರೆದು ಮುಗಿದ ಪತ್ರಗಳನ್ನು ನೋಡಿದೆ. ಅವನು ಆರಿಸಿದ ಪೆನ್ನು, ಅವನು ಬೆರೆಸಿದ ಶಾಯಿ, ಅವನೇ ಒಣಗಿಸಿ ಜೋಡಿಸಿಟ್ಟ ಹಾಳೆಗಳು. ನಾವಿಬ್ಬರೂ ಕೂಡಿ ಮಾಡಿದ ಕೊನೆಯ ಕೆಲಸ. ಅದು ರದ್ದಿಗೆ ಹೋಗುತ್ತದೆ.

ಮಧ್ಯಾಹ್ನ ತಮ್ಮನ ಹೆಂಡತಿ ಬುತ್ತಿ ತಂದಳು. ನನ್ನ ಹೆಂಡತಿಗೆ ಮೈ ಸರಿ ಇರಲಿಲ್ಲವೆಂದು ತಾನೇ ಬಂದಿದ್ದಳು. ಅವನು ಹೋದ ಮೇಲೆ ಅವಳು ಅಂಗಡಿಗೆ ಬಂದದ್ದು ಅದೇ ಮೊದಲು. ನಿಂತುಕೊಂಡೇ ತೊಳೆದ ಪೆನ್ನುಗಳನ್ನು ನೋಡಿದಳು. ಬೇರೆಯಾಗಿ ಇಟ್ಟಿದ್ದ ಕರಿಯ ಪೆನ್ನನ್ನೂ ನೋಡಿದಳು.

"ಅದನ್ಯಾಕ ಹಂಗ ಇಟ್ಟೀರಿ ಭಾವಾರ?"

"ಇರ್ಲಿ ತಂಗೀ. ಅಂವ ತುಂಬಿದ್ದು ಇನ್ನೂ ಒಳಗ ಐತಿ."

ಅವಳು ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ತೆಗೆದು ಇಟ್ಟಳು. ಪಲ್ಯದ ಡಬ್ಬಿ ತೆಗೆದಳು. ಆಮೇಲೆ ಹೇಳಿದಳು, "ಅವರ ಅಂಗಿ ನಾ ತೊಳದೀನಿ ಭಾವಾರ. ಗೂಟದ ಮ್ಯಾಲ ಇದ್ದದ್ದನ್ನ. ಎರಡು ದಿನಾ ನೋಡಿದೆ, ಮೂರನೇ ದಿನಾ ತೊಳದೆ. ನೀವು ಪೆನ್ನು ತೊಳೀರಿ. ಅವರು ಇದ್ದಿದ್ರ ಇಷ್ಟು ದಿನಾ ಅದನ್ನ ಒಣಗಾಕ ಬಿಡ್ತಿದ್ರೇನು?"

ನಾನು ರೊಟ್ಟಿ ಮುರಿದೆ. ಉಣ್ಣುವಷ್ಟು ಹೊತ್ತು ಅವಳು ಹೊಸ್ತಿಲ ಹತ್ತಿರ ಕೂತಿದ್ದು, ಡಬ್ಬಿ ತೆಗೆದುಕೊಂಡು ಹೋದಳು.

ಕೈ ತೊಳೆದುಕೊಂಡು ಬಂದು ಕರಿಯ ಪೆನ್ನಿನ ಕತ್ತನ್ನು ತಿರುಗಿಸಿ ಬಿಚ್ಚಿದೆ. ಉಳಿದ ಹನಿಗಳು ಎಣ್ಣೆಯ ಹಾಗೆ ದಪ್ಪವಾಗಿದ್ದವು. ಅವನ್ನು ಬಚ್ಚಲಿಗೆ ಸುರಿಯಲು ಕೈ ಬಾರದೆ ಮೇಜಿನ ಮೇಲಿದ್ದ, ಶಾಯಿ ಹೀರುವ ಬಿಳಿ ಒತ್ತು ಕಾಗದದ ಮೇಲೆ ಬಗ್ಗಿಸಿದೆ. ಕರ್ರಗಿನ ಒಂದು ಮಚ್ಚೆಯಾಯಿತು. ಪೆನ್ನಿನ ಒಡಲಿಗೆ ಬ್ಯಾಟರಿ ನೀರು ಹಾಕಿ ಜಾಲಿಸಿ, ಆ ನೀರನ್ನೂ ಅದೇ ಮಚ್ಚೆಯ ಮೇಲೆ ಸುರಿದೆ. ಮತ್ತೊಮ್ಮೆ ಜಾಲಿಸಿದೆ. ನಾಲಗೆಯನ್ನು ಬಟ್ಟಲಲ್ಲಿ ನೆನೆಸಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಓಣಿಯಲ್ಲಿ ಯಾರೋ ಸೊಪ್ಪು ಮಾರುತ್ತಿದ್ದರು.

ಒಳಗೆ ಬಂದಾಗ ಆ ಮಚ್ಚೆ ಹರಡಿ ಹೂವಿನಂತಾಗಿತ್ತು. ನಡುವೆ ಕಪ್ಪು, ಅದರ ಸುತ್ತ ನೇರಳೆ, ಆಮೇಲೆ ತಿಳಿನೀಲಿ, ತೀರಾ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಗುಲಾಬಿ ಗೆರೆ. ಬರೆದಾಗ ಒಂದೇ ಬಣ್ಣವಾಗಿ ಕಾಣುವುದು ನೀರು ಕುಡಿದ ಕಾಗದದಲ್ಲಿ ಹೀಗೆ ಬಿಡಿಬಿಡಿಯಾಗುತ್ತದೆ ಎಂದು ನಾನು ಎಂದೂ ಗಮನಿಸಿರಲಿಲ್ಲ. ಎಲ್ಲ ಸೀಸೆಗಳನ್ನೂ ಮೇಜಿಗೆ ತಂದೆ. ಒಂದೊಂದರದು ಒಂದು ಹನಿ, ಅದರ ಮೇಲೆ ನೀರು. ಒಂದರಲ್ಲಿ ಗುಲಾಬಿ ಅಂಚು ಬರಲಿಲ್ಲ. ಒಂದರಲ್ಲಿ ನೇರಳೆಯೇ ಇಲ್ಲ. ನಾನು ಮೊದಲು ಆರಿಸಿದ್ದರಲ್ಲಿ ಹಸಿರು ಬಂತು. ಕಡೆಗೆ, ತಳದಲ್ಲಿ ಗಸಿ ಕಟ್ಟಿದೆ, ಕೆಟ್ಟಿದೆ ಎಂದು ನಾನೇ ಕಿಟಕಿಯ ಮೇಲೆ ಎತ್ತಿಟ್ಟಿದ್ದ ಸೀಸೆಯ ಹನಿ ಅದೇ ಹೂವಾಯಿತು. ಕಾವಿಗೆ ನೀರಿನಂಶ ಆರಿ ಅದು ದಪ್ಪವಾಗಿತ್ತು, ಅಷ್ಟೇ. ತೆಳು ಬಟ್ಟೆಯಲ್ಲಿ ಸೋಸಿ, ಹನಿಹನಿಯಾಗಿ ನೀರು ಸೇರಿಸುತ್ತಾ, ಕಾಗದದ ಮೇಲೆ ಹಬ್ಬುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿದೆ.

ಕರಿಯ ಪೆನ್ನು ಒಣಗಿದ ಮೇಲೆ ಕತ್ತಿನ ತಿರುಪಿಗೆ ಸ್ವಲ್ಪ ಗ್ರೀಸು ಹಚ್ಚಿ, ಕಂಠದವರೆಗೆ ತುಂಬಿದೆ. ಉಳಿದ ಪತ್ರಗಳನ್ನು ಬರೆದೆ. ಅರ್ಧ ಇಳಿದಾಗಲೆಲ್ಲ ನಿಲ್ಲಿಸಿ ಮತ್ತೆ ತುಂಬಿದೆ. ಹನಿ ಬೀಳಲಿಲ್ಲ. ಹಾಳೆಗಳು ಸರಿಹೋದವು, ಒಂದೂ ಉಳಿಯಲಿಲ್ಲ.

ಬೀಜದ ಅಂಗಡಿಯವರು ಪತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ಯಾವು ಮೊದಲ ಬರದದ್ದು?" ಎಂದು ಕೇಳಿದರು. ತೋರಿಸಿದೆ. "ನನಗೇನು ಫರಕ ಕಾಣ್ಸವಲ್ದು ಬಿಡ್ರಿ" ಎಂದರು. ನನಗೆ ಕಾಣುತ್ತಿತ್ತು. ಶಾಯಿಯಲ್ಲಿ ಅಲ್ಲ. ಆಮೇಲೆ ಬರೆದವುಗಳಲ್ಲಿ ನನ್ನ ಕೈ ಭಾರವಾಗಿದೆ, ಕೊಂಬುಗಳ ತುದಿಗಳು ಕೆಳಗೆ ಇಳಿದಿವೆ. ಅವರು ಪತ್ರಗಳ ನಡುನಡುವೆ ತೆಳು ಕಾಗದ ಇಟ್ಟು, ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬಸ್ಸಿಗೆ ಹೋದರು.

ಆಮೇಲೆ ಅದೇ ರೀತಿ ತಟ್ಟೆಯ ಉಳಿದ ಪೆನ್ನುಗಳ ಶಾಯಿಯನ್ನೂ ಹುಡುಕಿದೆ. ತೊಳೆದಿದ್ದರೂ ಮುಚ್ಚಳದ ಒಳಗೆ, ತಿರುಪಿನ ಸಂದಿಯಲ್ಲಿ ಸ್ವಲ್ಪ ಬಣ್ಣ ಉಳಿದೇ ಇರುತ್ತದೆ. ಒದ್ದೆ ಮಾಡಿ ಒತ್ತು ಕಾಗದಕ್ಕೆ ಮುಟ್ಟಿಸಿದರೆ ಸಾಕು. ಮರಳಿಯಿಂದ ತಂದದ್ದಕ್ಕೆ ಯಾವುದು, ಗಂಗಾವತಿಯ ಗುಮಾಸ್ತರದಕ್ಕೆ ಯಾವುದು ಎಂದು ನಿಧಾನವಾಗಿ ಗೊತ್ತಾಯಿತು. ಯಾಕೆ ಅದೇ ಎನ್ನುವುದು ಕೆಲವೊಮ್ಮೆ ಬರೆಯುವಾಗ ತಿಳಿಯುತ್ತದೆ, ಕೆಲವೊಮ್ಮೆ ಇಲ್ಲ.

ಮೊನ್ನೆ ತಳಕಲ್ಲಿನಿಂದ ಒಬ್ಬರು ಬಂದರು. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರಂತೆ. ಹೊಸ್ತಿಲಲ್ಲಿ ನಿಂತು, "ಸಣ್ಣವರು ಎಲ್ಲಿ ಹೋಗ್ಯಾರ್ರಿ?" ಎಂದು ಕೇಳಿದರು. ಹೇಳಿದೆ. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಅಂಗಿಯ ಒಳಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಪೆನ್ನು ತೆಗೆದರು. ಹಸಿರು ಮತ್ತು ಕಪ್ಪು ಅಲೆಗಳಿದ್ದ ಹಳೆಯ ಎಬೊನೈಟ್.

"ನಮ್ಮಪ್ಪಂದು. ನಿಮ್ಮ ತಮ್ಮ ಭಾಳ ಸಲ ಬಂದು ಕೇಳಿದ್ರು. ಆವಾಗ ನನಗ ಮನಸ್ಸಾಗಲಿಲ್ಲ. ಬರೇ ಹಿಡದು ನೋಡಿ, 'ಇರ್ಲಿ, ನಿಮಗ ಮನಸ್ಸಾದಾಗ ತರ್ರಿ' ಅಂತ ಹೋಗೋರು. ಮನಿ ಸ್ವಚ್ಛ ಮಾಡೂಮುಂದ ಕೈಗೆ ಬಂತು, ಯಾಕೋ ಕೊಟ್ಟ ಬಿಡೂಣು ಅನ್ನಿಸ್ತು" ಎಂದರು.

"ನೀವ ಇಟಗೋರಿ" ಎಂದೆ.

"ತಂದೀನಲ್ರಿ" ಎಂದು ಮೇಜಿನ ಮೇಲಿಟ್ಟು, ಚಹಾ ಕುಡಿಯದೇ ಹೋದರು.

ನಿಬ್ಬು ಚೆನ್ನಾಗಿದೆ. ತೊಳೆದೆ, ನೀರು ತಿಳಿಯಾಗಿಯೇ ಬಂತು. ಎಷ್ಟೋ ವರ್ಷದಿಂದ ಯಾರೂ ಅದಕ್ಕೆ ಶಾಯಿ ಹಾಕಿದಂತಿಲ್ಲ. ತಿರುಪಿಗೆ ಗ್ರೀಸು ಹಚ್ಚಿ ತಟ್ಟೆಯಲ್ಲಿ ಉಳಿದವುಗಳ ಜೊತೆ ಇಟ್ಟಿದ್ದೇನೆ. ಇದಕ್ಕೆ ಯಾವ ಶಾಯಿ ಹೊಂದುತ್ತದೆ ಎಂದು ನನಗೆ ಗೊತ್ತಿಲ್ಲ.